ನಲವತ್ತೊಂದು ಕುಲಗೆಟ್ಟ ಮತಗಳು

ಸೋತಿದ್ದು ಹತ್ತೊಂಬತ್ತು ಮತಗಳಿಂದ. ಐನೂರರಿಂದ ಸೋತಿದ್ದರೆ ನೀಲಿಯಕ್ಕ ಮನೆಗೆ ಬಂದು ಮುಸುಕು ಹೊದ್ದು ಮಲಗಿಬಿಡುತ್ತಿದ್ದಳು. ಹತ್ತೊಂಬತ್ತು ಎಂದರೆ ಒಂದು ಹಗ್ಗದ ಮೇಲೆ ಹಿಡಿಸುವಷ್ಟು ಅಂಗಿ. ಅಷ್ಟಕ್ಕೆ ಐದು ವರ್ಷ ಕೈಬಿಟ್ಟು ಹೋಯಿತು.

ಅವಳು ಅಗಸರ ಓಣಿಯವಳು. ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಹತ್ತೂ ಬೆರಳು ನೀಲಿಯಾಗಿದ್ದವು. ಹೆಸರೂ ಅದೇ ಆಯಿತು. ಮತದಾನದ ದಿನ ಇದೇ ಬೆರಳಿನಿಂದ ಒಂದು ರಗಳೆ. ಶಾಯಿ ಹಚ್ಚಲು ಕೂತಿದ್ದವನು ಅವಳ ಕೈ ನೋಡಿ, “ಏನಮ್ಮ, ಆಗಲೇ ಓಟು ಹಾಕಿ ಹೋಗಿದೀಯಲ್ಲ, ಮತ್ತೆ ಬಂದ್ಯಾ?” ಎಂದ. ನೀಲಿಯಕ್ಕ ಹತ್ತೂ ಬೆರಳು ಅವನ ಮೂಗಿನ ಕೆಳಗೆ ಹಿಡಿದಳು. “ಹಾಗಾದ್ರೆ ಹತ್ತು ಸಲ ಹಾಕಿದೀನಿ ಅಂತ ಬರ್ಕೊಳ್ಳಿ ಸಾರ್. ಗೆದ್ದೇಬಿಡ್ತೀನಿ.” ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅಂದು ನಗು ಅವಳ ಕಡೆ ಇತ್ತು.

ಅವಳೇನು ಕುರ್ಚಿಯ ಆಸೆಗೆ ನಿಂತವಳಲ್ಲ. ಓಣಿಯ ಹಿಂದೆ ಬಟ್ಟೆ ಒಣಹಾಕುವ ಬಯಲಿದೆ. ಇಪ್ಪತ್ತೇಳು ಮನೆಯ ಹಗ್ಗಗಳು ಅಲ್ಲೇ. ಊರಿನ ಅಂಗಿ, ಪ್ಯಾಂಟು, ಹಾಸಿಗೆ ಹೊದಿಕೆ, ಆಸ್ಪತ್ರೆಯ ಕೋಟು ಎಲ್ಲವೂ ಬಿಸಿಲು ಕಾಣುವುದು ಅಲ್ಲಿ ಮಾತ್ರ. ಬಯಲಿಗೆ ಅಂಟಿಕೊಂಡು ದೊಡ್ಡ ಛತ್ರ. ಛತ್ರಕ್ಕೆ ಬರುವವರ ಕಾರು ನಿಲ್ಲಿಸಲು ಜಾಗ ಬೇಕು. ಯಜಮಾನ ಪುರಸಭೆಯಲ್ಲಿ ಒಂದು ಮಾತು ಹಾಕಿದ. ಪುರಸಭೆಗೆ ಬಯಲು ಥಟ್ಟನೆ ‘ಖಾಲಿ ಜಾಗ’ವಾಗಿ ಕಂಡಿತು. ಇನ್ನೂರು ಅಂಗಿ ಗಾಳಿಗೆ ಪಟಪಟ ಅನ್ನುತ್ತಿದ್ದರೂ ಖಾಲಿ! ಓಣಿಯವರು ಹೋಗಿ ಕೇಳಿದರೆ, “ಮನೆಯೊಳಗೆ ಒಣಹಾಕ್ಕೊಳ್ಳಿ” ಎಂದರು. ಎರಡು ಕೋಣೆಯ ಮನೆ. ಒಂದರಲ್ಲಿ ಜನ, ಒಂದರಲ್ಲಿ ಮೂಟೆ. ಬಟ್ಟೆ ಎಲ್ಲಿ ಒಣಹಾಕಬೇಕು, ಅತ್ತೆಯ ಮೇಲಾ?

ಅದಕ್ಕೆ ನೀಲಿಯಕ್ಕ ವಾರ್ಡಿನ ಚುನಾವಣೆಗೆ ನಿಂತಳು. ಎದುರಿಗೆ ಛತ್ರದ ಯಜಮಾನನೇ. ಅವಳಿಗೆ ಸಿಕ್ಕ ಗುರುತು ಬಕೆಟ್ಟು. “ಬಕೆಟ್ ಹಿಡಿಯೋಳು ಬಂದ್ಲು” ಎಂದು ಯಜಮಾನನ ಹುಡುಗರು ಆಡಿಕೊಂಡರು. “ಹೌದಪ್ಪ, ನಾವು ಬಕೆಟ್ ಹಿಡಿಯೋದು ನಿಮ್ಮ ಬಟ್ಟೆ ತೊಳೆಯಕ್ಕೆ. ನೀವು ಹಿಡಿಯೋದು ಯಜಮಾನ್ರ ಕಾಲು ತೊಳೆಯಕ್ಕೆ” ಎಂದಳು. ಆಮೇಲೆ ಅವರು ಬಕೆಟ್ಟಿನ ಸುದ್ದಿ ಎತ್ತಲಿಲ್ಲ.

ಮೂರು ವಾರ ಮನೆಮನೆ ಸುತ್ತಿದಳು. ಬೆಳಿಗ್ಗೆ ಬಟ್ಟೆ ಬಡಿಯುವುದು, ಮಧ್ಯಾಹ್ನ ಮಾತು ಬಡಿಯುವುದು. ಏಳನೇ ಕ್ಲಾಸು ಓದಿದವಳು. ಓಣಿಯಲ್ಲಿ ಅದೇ ದೊಡ್ಡ ಓದು. ಎಲ್ಲ ಕಡೆ ಹೇಳಿದ್ದು ಒಂದೇ: “ನಮ್ಮ ಗುರುತು ಮರೀಬೇಡಿ. ಚೀಟಿ ಕೊಡ್ತಾರೆ, ಪೆನ್ನು ಕೊಡ್ತಾರೆ. ಬಕೆಟ್ ಹುಡುಕಿ. ನಮ್ಮ ಗುರುತಿಗೇ ಹಾಕಿ.” ಓಣಿಯ ಮುದುಕಿಯರು ತಲೆಯಾಡಿಸಿದರು. “ನಮ್ಮ ಗುರುತು ತಾನೇ? ನಮಗೆ ಹೇಳ್ಕೊಡ್ಬೇಕಾ? ಹುಟ್ಟಿದಾಗಿಂದ ಹಾಕ್ತಿದೀವಿ” ಎಂದರು. ನೀಲಿಯಕ್ಕನಿಗೆ ಬಹಳ ಸಂತೋಷವಾಯಿತು. ಅಲ್ಲೇ ಎಡವಟ್ಟಾಗಿದ್ದು.

ಎಣಿಕೆಯ ದಿನ ದೊಡ್ಡ ಕೋಣೆ, ಉದ್ದ ಮೇಜು. ಪುರಸಭೆಯ ಸಾಹೇಬನೇ ಎಣಿಕೆಯ ಅಧಿಕಾರಿ. ಒಂದು ಕಡೆ ಛತ್ರದ ಯಜಮಾನ ಕುರ್ಚಿ ತುಂಬ ಕೂತಿದ್ದ. ಇನ್ನೊಂದು ಕಡೆ ನೀಲಿಯಕ್ಕ ನಿಂತಿದ್ದಳು. ಅವಳಿಗೂ ಕುರ್ಚಿ ಇತ್ತು. ಯಜಮಾನನ ಮನೆಯವರು ಅದರ ಮೇಲೆ ಹಾರದ ಬುಟ್ಟಿ ಇಟ್ಟಿದ್ದರು. ಎಣಿಕೆ ಮುಗಿಯುವ ಮೊದಲೇ ಹಾರ ಬಂದಿತ್ತು ಎಂದರೆ ಅವರ ಧೈರ್ಯ ನೋಡಿ.

ಸಾಹೇಬ ಎದ್ದು ಓದಿದ. ಯಜಮಾನನಿಗೆ ಇಷ್ಟು, ನೀಲಿಯಕ್ಕನಿಗೆ ಹತ್ತೊಂಬತ್ತು ಕಡಿಮೆ. ಕೊನೆಗೆ, “ಕುಲಗೆಟ್ಟ ಮತ ನಲವತ್ತೊಂದು” ಎಂದ.

“ಏನಂದ್ರಿ ಸಾರ್?”

“ಕುಲಗೆಟ್ಟ ಮತ. ತಪ್ಪು ತಪ್ಪಾಗಿ ಹಾಕಿರೋದು. ಲೆಕ್ಕಕ್ಕೆ ಬರಲ್ಲ.”

“ನೋಡ್ಬೇಕು.”

ಸಾಹೇಬ ಬೇಸರದಿಂದ ಕಟ್ಟು ಬಿಚ್ಚಿ ಒಂದು ಚೀಟಿ ಎತ್ತಿ ಹಿಡಿದ. ಬಕೆಟ್ಟಿನ ಪಕ್ಕ ಎರಡು ಗೀಟು, ಕೆಳಗೊಂದು ಚುಕ್ಕಿ. ಅಚ್ಚುಕಟ್ಟಾಗಿ, ಒಂದಿಷ್ಟೂ ಅಲುಗದೆ ಎಳೆದದ್ದು.

ನೀಲಿಯಕ್ಕ ಚೀಟಿಯತ್ತ ಬಾಗಿದಳು. “ಅಯ್ಯೋ, ಇದು ನಮ್ಮತ್ತೆ!”

ಅಗಸರ ಓಣಿಯಲ್ಲಿ ಮನೆಮನೆಗೂ ಒಂದು ಗುರುತಿದೆ. ಕಾಲರಿನ ಒಳಗೆ, ಸೊಂಟಪಟ್ಟಿಯ ಹಿಂದೆ, ಹೋಗದ ಶಾಯಿಯಲ್ಲಿ ಹಾಕುವುದು. ಯಾವ ಮನೆಯವರು ಒಗೆದದ್ದು ಎನ್ನಲು ಒಂದು ಗುರುತು, ಯಾರ ಬಟ್ಟೆ ಎನ್ನಲು ಪಕ್ಕದಲ್ಲಿ ಇನ್ನೊಂದು. ಸಾಹೇಬ ಒಂದೊಂದೇ ಚೀಟಿ ತೋರಿಸಿದ. ನೀಲಿಯಕ್ಕ ಒಂದೊಂದನ್ನೇ ಓದಿದಳು. ಮೂರು ಚುಕ್ಕಿ ಮನೆಯ ದೊಡ್ಡಮ್ಮ. ಕೊಕ್ಕೆ ಮನೆಯ ಅಣ್ಣ, ಅತ್ತಿಗೆ. ಅರ್ಧಚಂದ್ರದ ಮನೆಯ ಅಜ್ಜಿಯ ಕೈ ನಡುಗುತ್ತದೆ, ಅದಕ್ಕೇ ಚಂದ್ರ ಸೊಟ್ಟ. ನಲವತ್ತೊಂದೂ ಬಕೆಟ್ಟಿನ ಪಕ್ಕದಲ್ಲೇ ಇದ್ದವು.

“ಎಲ್ಲ ನನಗೇ ಹಾಕಿದಾರಲ್ಲ ಸಾರ್! ಕಣ್ಣಿಗೆ ಕಾಣಲ್ವಾ?”

“ಕತ್ತರಿ ಗುರುತು ಹಾಕ್ಬೇಕು. ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು. ಅಲ್ಲದೆ ಹಾಕಿದವರು ಯಾರು ಅಂತ ಗೊತ್ತಾಗೋ ಹಾಗೆ ಬರೀಬಾರದು. ಅದು ಕಾನೂನು.”

“ಯಾರು ಅಂತ ಗೊತ್ತಾಗಲಿ ಅಂತಲೇ ನಮ್ಮೋರು ಹಾಕಿರೋದು!”

“ಅದಕ್ಕೇ ಕುಲಗೆಟ್ಟಿದ್ದು.”

ಯಜಮಾನ ಹೊಟ್ಟೆ ಕುಣಿಸಿ ನಕ್ಕ. “ಅಗಸರ ಬಡಿವಾರ ಎಲ್ಲ ಹೆರರ ಬಟ್ಟೆ ಮೇಲೆ ಅಂತ ಗಾದೆ ಇದೆಯಮ್ಮ. ಓಟಿನ ಚೀಟಿ ಮೇಲಲ್ಲ.” ಸುತ್ತ ನಿಂತಿದ್ದವರು ನಕ್ಕರು. ಸಾಹೇಬನೂ ನಕ್ಕ. ಇಡೀ ಊರಿನ ಬೆವರು, ಕೊಳೆ, ಕಲೆ, ಹೊರಗೆ ಹೇಳಬಾರದ್ದನ್ನೆಲ್ಲ ಕೈಯಲ್ಲಿ ತಿಕ್ಕಿ ತೆಗೆಯುವ ಜನ. ಅವರ ಮತ ಕುಲಗೆಟ್ಟಿದ್ದಂತೆ. ನೀಲಿಯಕ್ಕನಿಗೆ ಮೈಯೆಲ್ಲ ಉರಿಯಿತು. ಬುಟ್ಟಿಯ ಕೆಳಗಿನ ಕುರ್ಚಿಯನ್ನು ಒಮ್ಮೆ ನೋಡಿ ಹೊರಟುಬಂದಳು.

ಓಣಿಯ ಬಾಯಲ್ಲೇ ಅತ್ತೆ ಕಾಯುತ್ತಿದ್ದಳು. ಎಪ್ಪತ್ತು ದಾಟಿದವಳು, ಎರಡೇ ಹಲ್ಲು, ಕಣ್ಣು ಮಾತ್ರ ಸೂಜಿ. ಓಣಿಯಲ್ಲಿ ಯಾವ ಗುರುತು ಯಾರದು ಎಂಬ ಜಗಳ ಬಂದರೆ ಅವಳೇ ನ್ಯಾಯಾಧೀಶೆ.

“ಗೆದ್ದೆಯೇನೇ?”

“ಎಲ್ಲಿ ಗೆಲ್ಲೋದು ಅತ್ತೆ? ಪಕ್ಕದಲ್ಲಿ ಕತ್ತರಿ ಹಾಕ್ಬೇಕಿತ್ತು. ನೀವೆಲ್ಲ ಮನೆ ಗುರುತು ಹಾಕಿ ಬಂದಿದೀರಿ.”

ಅತ್ತೆ ಸೊಂಟಕ್ಕೆ ಕೈ ಇಟ್ಟಳು. “ಕತ್ತರಿನಾ? ನನ್ನ ಸೊಸೆ ಮುಂದೆ ನಾನು ಕತ್ತರಿ ಹಾಕ್ಲಾ? ಅಂಥ ಅತ್ತೆ ಅಂದ್ಕೊಂಡ್ಯಾ ನನ್ನ?”

ನೀಲಿಯಕ್ಕ ಹಣೆ ಚಚ್ಚಿಕೊಂಡಳು. ಹೌದಲ್ಲ! ಅಗಸರ ಲೆಕ್ಕದಲ್ಲಿ ಕತ್ತರಿ ಗುರುತು ಎಂದರೆ ಕೈಬಿಟ್ಟ ಬಟ್ಟೆ. ಎಷ್ಟು ಬಡಿದರೂ ಕಲೆ ಹೋಗದ್ದು, ಇನ್ನು ನಮ್ಮ ಕೈಲಾಗುವುದಿಲ್ಲ ಎಂದು ವಾಪಸ್ಸು ಕಳಿಸುವುದು. ಅಂಥದಕ್ಕೆ ಮಾತ್ರ ಕತ್ತರಿ. ಹಿಂದಿನ ಚುನಾವಣೆಗಳಲ್ಲಿ ಓಣಿಯವರು ಹಾಕು ಎಂದವರ ಮುಂದೆಲ್ಲ ಸಂತೋಷವಾಗಿ ಕತ್ತರಿ ಎಳೆದು ಬಂದಿದ್ದರು. ಯಾರು ನಿಂತರೂ ಕಲೆ ಹೋಗದ ಬಟ್ಟೆಯೇ ಎಂಬುದು ಅವರ ಖಚಿತ ಅಭಿಪ್ರಾಯ. ಮೊದಲ ಸಲ ತಮ್ಮವಳೊಬ್ಬಳು ನಿಂತಿದ್ದಳು. ಅವಳ ಮುಂದೆ ಕತ್ತರಿ ಹಾಕಲು ಯಾರಿಗೆ ಕೈ ಬರುತ್ತದೆ?

ಅಷ್ಟರಲ್ಲಿ ಏಣಿ ಗುರುತಿನ ಮನೆಯ ಮಾವ ಎದೆಯುಬ್ಬಿಸಿ ಬಂದ. “ನಾನು ಹಾಕಿದೀನಿ ನೋಡು ಕತ್ತರಿ! ಛತ್ರದ ಯಜಮಾನನ ಹೆಸರಿನ ಮುಂದೆ, ಮುಖಕ್ಕೆ ಹೊಡೆದ ಹಾಗೆ! ನಮ್ಮ ಮನೆಯ ಆರೂ ಜನ ಹಾಗೇ ಹಾಕಿದ್ವಿ!”

ನೀಲಿಯಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ನಲವತ್ತೊಂದು ಹೋದವು. ಆರು ಅವನಿಗೇ ಸಿಕ್ಕವು. ಮೊದಲು ಅಳು ಬಂತು. ಮಾವನ ಉಬ್ಬಿದ ಎದೆ ನೋಡಿ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಯಾವುದು ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ.

“ಏನಾಯ್ತೇ ಇವಳಿಗೆ?” ಎಂದ ಮಾವ.

“ಏನಿಲ್ಲ ಮಾವ. ಮುಂದಿನ ಸಲ ನೀವು ಮನೇಲೇ ಇದ್ಬಿಡಿ.”

ಎಲ್ಲರೂ ಹೋದ ಮೇಲೂ ಅವಳು ಕಲ್ಲಿನ ಮೇಲೆ ಕೂತೇ ಇದ್ದಳು. ಗಂಡ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತ, “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಹೋಗ್ಲಿ ಬಿಡು. ಐದು ವರ್ಷಕ್ಕೆ ಮತ್ತೆ ನಿಂತ್ಕೋ” ಎಂದ. ಒಳ್ಳೆಯ ಮನುಷ್ಯ. ಸಮಾಧಾನ ಹೇಳಲು ಹೋದಾಗಲೆಲ್ಲ ಉರಿಯುವ ಗಾಯಕ್ಕೇ ಕೈ ಇಡುತ್ತಾನೆ.

“ಐದು ವರ್ಷ ಹಸಿ ಬಟ್ಟೆ ಹಿಡ್ಕೊಂಡು ನಿಂತಿರಲಾ?”

ಅವಳಿಗೆ ಯಜಮಾನನ ಮೇಲೆ ಸಿಟ್ಟಿತ್ತು, ಸಾಹೇಬನ ಮೇಲೆ ಸಿಟ್ಟಿತ್ತು. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೇ ಇತ್ತು. ಮೂರು ವಾರ ಬಾಯಿ ನೋಯುವಷ್ಟು ಮಾತಾಡಿದ್ದಳು. ಕೇಳಿದವರಿಗೆ ಏನು ಕೇಳಿಸಿತು ಎಂದು ಒಂದು ದಿನವಾದರೂ ಕೇಳಿರಲಿಲ್ಲ. ಏಳನೇ ಕ್ಲಾಸಿನ ಜಂಬ! ತನ್ನ ಓಣಿಯ ಮಾತಲ್ಲಿ ಗುರುತು ಎಂದರೆ ಏನು, ಕತ್ತರಿ ಎಂದರೆ ಏನು ಎಂಬುದನ್ನೇ ಚುನಾವಣೆಗೆ ನಿಂತ ಕೂಡಲೇ ಮರೆತಿದ್ದಳು. ಇನ್ನು ಮೇಲೆ ಮೊದಲು ಕೂತು ಕೇಳುವುದು, ಆಮೇಲೆ ಎದ್ದು ಮಾತಾಡುವುದು. ಅದು ಮುಂದಿನ ಚುನಾವಣೆಯ ಮಾತಾಯಿತು. ಬಯಲು ಅಲ್ಲಿಯವರೆಗೆ ಕಾಯುವುದಿಲ್ಲ. ಅದಕ್ಕೆ ಈಗಲೇ ಏನಾದರೂ ಮಾಡಬೇಕಿತ್ತು.

ಮರುದಿನ ಬೆಳಿಗ್ಗೆಯೇ ಬಯಲಿನ ಕಂಬಕ್ಕೆ ಪುರಸಭೆಯ ನೋಟೀಸು ಅಂಟಿತ್ತು. ವಾಹನ ನಿಲ್ದಾಣದ ಕೆಲಸ ಶುರುವಾಗುತ್ತದೆ. ತಕರಾರಿದ್ದರೆ ಸೋಮವಾರದೊಳಗೆ ಓಣಿಯ ಎಲ್ಲ ಮನೆಯವರ ಸಹಿಯೊಂದಿಗೆ ಕೊಡತಕ್ಕದ್ದು. ತಕರಾರು ದಾಖಲಾದರೆ ವಿಚಾರಣೆ ಮುಗಿಯುವ ತನಕ ಗುದ್ದಲಿ ಬೀಳುವಂತಿಲ್ಲ. ದಾಖಲಾಗದಿದ್ದರೆ ಮಂಗಳವಾರವೇ ಕಂಬ ಕೀಳುತ್ತಾರೆ.

ನೋಟೀಸು ಓದಿ ಮುಗಿಸುವಷ್ಟರಲ್ಲಿ ಯಜಮಾನನ ಆಳು ಮೂಟೆ ತಂದು ಅವಳ ಕಾಲ ಬುಡದಲ್ಲಿ ಒಗೆದ. ಗೆದ್ದ ಮೆರವಣಿಗೆಯ ಬಟ್ಟೆ. ಬಣ್ಣ, ಎಣ್ಣೆ, ಹೂವಿನ ಕಲೆ, ಬೆವರಿನ ನಾತ. “ಸೋಮವಾರ ಹನ್ನೊಂದಕ್ಕೆ ಪ್ರಮಾಣವಚನ. ಹಾಲಿನ ಹಾಗೆ ಬೆಳ್ಳಗಿರ್ಬೇಕಂತೆ. ಸೋತ ಮೇಲೆ ನಿನಗೂ ಬಿಡುವಲ್ವಾ ಅಂದ್ರು ಯಜಮಾನ್ರು.”

ಗಂಡ ಹಲ್ಲು ಕಚ್ಚಿದ. ನೀಲಿಯಕ್ಕ ಮೂಟೆ ಎತ್ತಿಕೊಂಡಳು. ಒಗೆದಳು. ಹೇಗೆ ಒಗೆದಳು ಎಂದು ಹೇಳಲೇಬೇಕು. ಬಿಸಿನೀರಿಗೆ ಸೋಡಾ ಹಾಕಿ ನೆನೆಸಿದಳು. ಸೋಡಾ ಬೆರಳ ಸಂದಿಯ ಬಿರುಕಿಗೆ ಇಳಿದು ಚುರುಗುಟ್ಟಿತು. ಸೊಂಟದ ಮಟ್ಟದಿಂದ ತಲೆಯ ಮೇಲಕ್ಕೆ ಎತ್ತಿ ಕಲ್ಲಿಗೆ ಬಡಿದಳು. ಪ್ರತಿ ಏಟಿಗೂ ಬಾಯಿಂದ ‘ಹುಂ’ ಬಂತು. ಅಂದು ಆ ‘ಹುಂ’ಗೆ ಬೇರೆಯೇ ಜೋರು. ಅಂಗಿ ಯಜಮಾನನದು, ಕಲ್ಲು ತನ್ನದು ಎಂಬ ಸಂತೋಷ ಎಲ್ಲಿ ಸಿಗುತ್ತದೆ ಹೇಳಿ. ಭುಜ ಸೋಲುವ ತನಕ ಬಡಿದಳು. ಹಿಂಡಿದಳು, ನೀಲಿ ಅದ್ದಿದಳು, ಹರವಿದಳು. ಹಾಲಿಗಿಂತ ಬೆಳ್ಳಗಾಯಿತು.

ಶುಕ್ರವಾರ ತಕರಾರಿನ ಕಾಗದ ಬರೆದು ಪುರಸಭೆಗೆ ಹೋದಳು. ಜೊತೆಗೆ ಗಂಡ, ಅತ್ತೆ, ಏಣಿ ಮಾವ, ಓಣಿಯ ನಾಲ್ಕಾರು ಜನ. ಕಾಗದದ ಕೆಳಗೆ ಅವಳ ಸಹಿ, ಅದರ ಕೆಳಗೆ ಉಳಿದ ಇಪ್ಪತ್ತಾರು ಮನೆಯ ಗುರುತು. ಸಾಹೇಬ ಕಾಗದವನ್ನು ಎರಡು ಬೆರಳಲ್ಲಿ ಹಿಡಿದ.

“ಮತ್ತೆ ಅದೇ ಕೊಕ್ಕೆ, ಅದೇ ಗೀಟು! ಇವು ಸಹಿ ಅಲ್ಲಮ್ಮ. ನಿನ್ನದೊಂದೇ ಸಹಿ. ಒಬ್ಬರ ತಕರಾರು ನಡೆಯಲ್ಲ.”

“ಅವರಿಗೆ ಬರೆಯೋಕೆ ಬರೋದು ಇದೇ ಸಾರ್.”

“ಹಾಗಾದ್ರೆ ಹೆಬ್ಬೆಟ್ಟು ಒತ್ತಿಸು.”

ಮಸಿಡಬ್ಬಿ ಬಂತು. ಓಣಿಗೆ ಹಿರಿಯಳೆಂದು ಅತ್ತೆಯೇ ಮೊದಲು ಹೆಬ್ಬೆಟ್ಟು ಒತ್ತಿದಳು. ಕಾಗದದ ಮೇಲೆ ಕಪ್ಪು ಮುದ್ದೆ ಬಿತ್ತು. ಒಂದೂ ಗೆರೆ ಇಲ್ಲ. ಮಾವ ಒತ್ತಿದ. ಅದೂ ಮುದ್ದೆ. ಐವತ್ತು ವರ್ಷ ಸೋಡಾ, ಸೋಪು, ಬಿಸಿನೀರು, ಕಲ್ಲು. ಗೆರೆಗಳೆಲ್ಲ ಊರಿನ ಬಟ್ಟೆಗಳ ಜೊತೆ ತೊಳೆದು ಹೋಗಿದ್ದವು. ಅತ್ತೆ ತನ್ನ ಹೆಬ್ಬೆಟ್ಟನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಎಪ್ಪತ್ತು ವರ್ಷದಲ್ಲಿ ಅದನ್ನು ಹಾಗೆ ನೋಡಿರಲಿಲ್ಲ.

“ಗೆರೆನೇ ಇಲ್ಲವಲ್ಲ” ಎಂದ ಸಾಹೇಬ. “ಇದು ಯಾರದು ಅಂತ ಹೇಗೆ ಗೊತ್ತಾಗ್ಬೇಕು?”

“ಗೊತ್ತಾಗಲಿ ಅಂತ ಗುರುತು ಹಾಕಿದ್ರೆ ಗೊತ್ತಾಗಬಾರದು ಅಂದ್ರಿ. ಈಗ ಗೊತ್ತಾಗಬೇಕು ಅಂತೀರಿ. ನಿಮ್ಮದು ಒಂದು ಮಾತು ಹೇಳಿ ಸಾರ್.”

“ಗುರುತುಗಿರುತು ಲೆಕ್ಕಕ್ಕಿಲ್ಲ. ಅದೇ ನನ್ನ ಮಾತು. ನಡೀರಿ.”

ಸಾಹೇಬ ಬಗ್ಗಿ ಬೇರೆ ಕಾಗದ ತೆಗೆದ. ಬಗ್ಗಿದಾಗ ಕಾಲರು ಮಗುಚಿತು. ಒಳಗೆ ಎರಡು ಗೀಟು, ಒಂದು ಚುಕ್ಕಿ. ನೀಲಿಯಕ್ಕ ನೋಡಿದಳು. ಅವಳ ಮನೆಯದೇ ಗುರುತು. ಸುಮ್ಮನೆ ಹೊರಗೆ ಬಂದವಳ ಮುಖದಲ್ಲಿ ನಗು ಇತ್ತು. ಗಂಡನಿಗೆ ಆ ನಗು ಗೊತ್ತು. “ಏನೋ ಗ್ರಹಚಾರ ಕಾದಿದೆ” ಎಂದುಕೊಂಡ.

ಓಣಿಯವರನ್ನೆಲ್ಲ ಬಯಲಲ್ಲಿ ಕೂರಿಸಿದಳು. ಈ ಸಲ ಭಾಷಣ ಮಾಡಲಿಲ್ಲ. ಕೇಳಿದಳು. “ಸೋಮವಾರದ ಬಟ್ಟೆ ಯಾರ ಯಾರ ಮನೇಲಿದೆ?” ಎಲ್ಲರ ಮನೆಯಲ್ಲೂ ಇತ್ತು. ಗೆದ್ದ ಸದಸ್ಯರದು, ಸಾಹೇಬರದು, ಗುಮಾಸ್ತರದು. ಎಲ್ಲ ಬಿಳಿ.

“ಕೊಡೋದೇ ಬೇಡ!” ಎಂದ ಏಣಿ ಮಾವ.

“ಕೊಡದೆ ಹೋದ್ರೆ ಕದ್ರು ಅಂತಾರೆ. ಪೊಲೀಸ್ನೋರನ್ನ ಕರೀತಾರೆ” ಎಂದ ಗಂಡ.

“ಕೊಡೋಣ. ಎಲ್ಲ ಕೊಡೋಣ. ಚೆನ್ನಾಗಿ ಒಗೆದು, ಗರಿಗರಿ ಇಸ್ತ್ರಿ ಮಾಡಿ ಕೊಡೋಣ. ಆದ್ರೆ ಗುರುತು ಲೆಕ್ಕಕ್ಕಿಲ್ವಂತೆ. ಲೆಕ್ಕಕ್ಕಿಲ್ಲದ್ದನ್ನ ನಾವ್ಯಾಕೆ ಓದ್ಬೇಕು?”

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಹೊಳೆದಾಗ ಬಯಲೆಲ್ಲ ನಗು. ಅತ್ತೆ ಮಾತ್ರ ನಗಲಿಲ್ಲ. “ಐವತ್ತು ವರ್ಷದಲ್ಲಿ ನನ್ನ ಕೈಲಿ ಒಂದು ಕರ್ಚೀಫು ಅದಲುಬದಲಾಗಿಲ್ಲ ಕಣೇ. ಕೆಲಸಕ್ಕೆ ಮೋಸ ಮಾಡಲ್ಲ ನಾನು” ಎಂದಳು.

“ಮೋಸ ಎಲ್ಲಿ ಅತ್ತೆ? ಗುರುತು ಹಾಗೇ ಇರುತ್ತೆ. ಓದ್ಕೊಳ್ಳೋ ಕಷ್ಟ ಅವರಿಗೆ.”

ಅತ್ತೆ ತನ್ನ ಹೆಬ್ಬೆಟ್ಟನ್ನು ಇನ್ನೊಮ್ಮೆ ನೋಡಿಕೊಂಡಳು. “ಹಾಗಾದ್ರೆ ಸರಿ” ಎಂದಳು.

ಸೋಮವಾರ ಒಂಬತ್ತೂವರೆಗೆ ಪುರಸಭೆಯ ಜಗುಲಿಯ ಮೇಲೆ ಬಟ್ಟೆಯ ಬೆಟ್ಟ. ಇನ್ನೂರಕ್ಕೂ ಮೇಲೆ ಅಂಗಿ, ಅಷ್ಟೇ ಪ್ಯಾಂಟು. ಎಲ್ಲ ಬಿಳಿ, ಎಲ್ಲ ಗರಿಗರಿ, ಒಂದೊಂದರ ಮಡಿಕೆಯೂ ಚಾಕುವಿನಷ್ಟು ಹರಿತ. ಓಣಿಯವರು ಎದುರಿಗೆ ಸಾಲಾಗಿ ಕೂತಿದ್ದರು. ಮನೆಮನೆಗೆ ಬಟ್ಟೆ ಬರಲಿಲ್ಲವೆಂದು ದೊಡ್ಡವರೆಲ್ಲ ಹಳೆಯ ಅಂಗಿ ತೊಟ್ಟು, ಕೆಲವರು ಬನಿಯನ್ನಿನಲ್ಲೇ ಓಡಿ ಬಂದರು. ಮೊದಮೊದಲು ಮರ್ಯಾದೆಯಿಂದ ಹುಡುಕಿದರು. ಹತ್ತೂಕಾಲರ ಹೊತ್ತಿಗೆ ಎಳೆದಾಡತೊಡಗಿದರು. ಇಬ್ಬರು ಸದಸ್ಯರು ಒಂದೇ ಪ್ಯಾಂಟಿನ ಒಂದೊಂದು ಕಾಲು ಹಿಡಿದು ನಿಂತರು. ಗುಮಾಸ್ತನಿಗೆ ಸಿಕ್ಕ ಅಂಗಿ ಮೊಣಕಾಲಿಗೆ ಬಂತು. ಛತ್ರದ ಯಜಮಾನ ಒಂದು ಅಂಗಿಗೆ ಕೈ ತೂರಿಸಿದ. ಒಳಗೆ ಹೋದ ಕೈ ಹೊರಗೆ ಬರಲಿಲ್ಲ. ಒಂದು ಗುಂಡಿ ಹಾರಿ ಸಾಹೇಬನ ಹಣೆಗೆ ಬಡಿಯಿತು.

“ಏನಿದು? ಏನಮ್ಮ ಇದು?” ಸಾಹೇಬ ಬನಿಯನ್ನಿನಲ್ಲೇ ಅರಚಿದ.

“ಬಟ್ಟೆ ಸಾರ್. ಒಂದೂ ಕಡಿಮೆ ಇಲ್ಲ. ಎಣಿಸ್ಕೊಳ್ಳಿ, ಎಣಿಕೆ ನಿಮಗೆ ಅಭ್ಯಾಸ ಇದೆಯಲ್ಲ.”

“ಯಾವುದು ಯಾರದು?”

“ಕಾಲರ್ ಒಳಗೆ ಬರೆದಿದೆ.”

ಸಾಹೇಬ ಒಂದು ಅಂಗಿಯ ಕಾಲರು ಮಗುಚಿದ. ಹತ್ತಿರ ಹಿಡಿದ, ದೂರ ಹಿಡಿದ, ತಲೆಕೆಳಗೆ ಹಿಡಿದ. ಕನ್ನಡಕ ಹಾಕಿಕೊಂಡ. ಗಡಿಯಾರದಲ್ಲಿ ಹತ್ತೂವರೆ. ಕೊನೆಗೆ ಅಂಗಿ ಹಿಡಿದುಕೊಂಡು ಮೆಟ್ಟಿಲಿಳಿದು ಅತ್ತೆಯ ಮುಂದೆ ಬಂದು ನಿಂತ. ದನಿ ಇಳಿಸಿ, “ಅಜ್ಜಿ, ಇದು ಯಾರದು, ಸ್ವಲ್ಪ ಓದಿ ಹೇಳಿ” ಎಂದ.

ಅತ್ತೆಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವಳದು ನಾಟಕವಲ್ಲ. ಇಡೀ ಜಗುಲಿಗೆ ಕೇಳುವ ಹಾಗೆ ಕೇಳಿಬಿಟ್ಟಳು: “ಅಯ್ಯೋ ಪಾಪ! ಇಷ್ಟು ದೊಡ್ಡ ಆಫೀಸಲ್ಲಿ ಒಬ್ಬರಿಗೂ ಓದಕ್ಕೆ ಬರಲ್ವಾ?”

ತೋಳು ಸಿಕ್ಕಿಕೊಂಡ ಯಜಮಾನ ಹಾಗೇ ಕೈ ಎತ್ತಿಕೊಂಡು ನಿಂತಿದ್ದ.

ನೀಲಿಯಕ್ಕ ಎದ್ದಳು. ಅದೇ ತಕರಾರಿನ ಕಾಗದವನ್ನು ಸಾಹೇಬನ ಕೈಯಲ್ಲಿದ್ದ ಅಂಗಿಯ ಮೇಲೆ ಇಟ್ಟಳು. “ಮೊದಲು ಇದನ್ನ ದಾಖಲು ಮಾಡಿ. ಆಮೇಲೆ ಅತ್ತೆ ಓದ್ತಾರೆ.”

ಸಾಹೇಬ ಯಜಮಾನನ ಮುಖ ನೋಡಿದ. ಗಡಿಯಾರ ನೋಡಿದ. ತನ್ನ ಬನಿಯನ್ನಿನ ತೂತು ನೋಡಿಕೊಂಡ. “ಮುದ್ರೆ ತಗೊಂಬಾ” ಎಂದು ಗುಮಾಸ್ತನಿಗೆ ಹೇಳಿದ. ಮುದ್ರೆ ಬಂತು, ದಫ್ತರ ಬಂತು. ಸಾಹೇಬ ಮೆಟ್ಟಿಲ ಮೇಲೇ ಕೂತು ಬರೆದ. “ಅಗಸರ ಓಣಿಯ ತಕರಾರು. ಒಂದು ಸಹಿ, ಇಪ್ಪತ್ತಾರು ಗುರುತು...”

“ಗುರುತು ಅಂತ ಬೇಡ ಸಾರ್” ಎಂದಳು ನೀಲಿಯಕ್ಕ. “ಆ ಮಾತಲ್ಲಿ ನಾನು ಒಂದು ಸಲ ಕೆಟ್ಟಿದೀನಿ. ಇಪ್ಪತ್ತೇಳು ಸಹಿ ಅಂತ ಬರೀರಿ.”

ಪೆನ್ನು ಗಾಳಿಯಲ್ಲಿ ನಿಂತಿತು. ಅತ್ತೆ ಕಾಲು ನೀಡಿ ಆರಾಮವಾಗಿ ಕೂತಳು. ಅವಳಿಗೇನೂ ಅವಸರವಿರಲಿಲ್ಲ.

ಸಾಹೇಬ ಹೊಡೆದುಹಾಕಿ ಬರೆದ. ಇಪ್ಪತ್ತೇಳು ಸಹಿ. ಮುದ್ರೆ ಒತ್ತಿದ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮೊದಲ ಅಂಗಿ ಎತ್ತಿಕೊಂಡಳು. ಒಂದೊಂದಾಗಿ, ಒಂದಕ್ಷರ ತಪ್ಪದೆ, ಎಲ್ಲರ ಬಟ್ಟೆಯನ್ನೂ ಓದಿ ಹೇಳಿದಳು. ಛತ್ರದ ಯಜಮಾನನದನ್ನು ಮಾತ್ರ ಕೊನೆಗೆ, ಹನ್ನೊಂದು ಹೊಡೆದ ಮೇಲೆ ಓದಿದಳು.